ಸಿದ್ದಾರೂಢನ ದೊಡ್ಡ ಮಾನಿಟರ್

ಭೋಸರಿಯಲ್ಲಿ ಕಾರಿನ ಭಾಗಗಳ ಅಚ್ಚು ತಯಾರಿಸುವ ಟೂಲ್‌ರೂಮ್ ಮುಚ್ಚಿದಾಗ ಸಿದ್ದಾರೂಢ ಮನೆಗೆ ತಂದದ್ದು ಎರಡೇ ಸಾಮಾನು: ತಾನು ವರ್ಷಾನುಗಟ್ಟಲೆ ಕೂತು ಕಾರಿನ ಬಾಗಿಲುಗಳ ಅಚ್ಚಿನ ನಕ್ಷೆ ಬರೆದ ಕಂಪ್ಯೂಟರ್ ಮತ್ತು ಅದರ ದೊಡ್ಡ ಮಾನಿಟರ್. ಗುಜರಿಗೆ ಹಾಕುವ ಬದಲು ನೀನೇ ಒಯ್ಯಿ ಎಂದು ಮಾಲೀಕರು ಕೊಟ್ಟಿದ್ದರು. ಇಬ್ಬರು ಹಿಡಿದರೇ ಏಳುವಂಥ ಆ ಮಾನಿಟರ್ ಚಿಂಚವಾಡದ ಮನೆಯ ಬಾಲ್ಕನಿಯಲ್ಲಿ ಹಳೆಯ ಚಾದರ ಹೊದ್ದು ಕೂತಿತು.

ಮುಂದೆ ಅವನಿಗೆ ಲಕ್ವಾ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು, ನಾಲಿಗೆ ತೊಡರತೊಡಗಿತು. ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಮದುವೆಯಾಗದ ತಂಗಿ ಮಾಧುರಿ ಕ್ಯಾಂಪ್ ಎಂಬ ಪೇಟೆಯ ಹತ್ತಿರದ ತನ್ನ ಬಾಡಿಗೆ ಕೋಣೆ ಬಿಟ್ಟು ಅಣ್ಣನ ಮನೆಗೆ ಬಂದಳು. ಬೆಳಿಗ್ಗೆ ಅವನಿಗೆ ಸ್ನಾನ ಮಾಡಿಸಿ, ಮಧ್ಯಾಹ್ನದ ಊಟ ಮುಚ್ಚಿಟ್ಟು, ಲೋಕಲ್ ರೈಲು ಹಿಡಿದು ಕ್ಯಾಂಪಿನ ವಿಮಾ ಕಚೇರಿಗೆ ಹೋಗುವಳು. ಸಂಜೆ ರೈಲಿನಲ್ಲಿ ನಿಂತುಕೊಂಡೇ ಬಂದು, ಚಪ್ಪಲಿ ಬಿಟ್ಟವಳೇ ಅವನ ಕೈಗೆ ಎಣ್ಣೆ ತಿಕ್ಕುವಳು. ಅವನು ಏನಾದರೂ ಹೇಳಲು ಬಾಯಿ ತೆರೆದರೆ ಮಿಕ್ಕ ಮಾತನ್ನು ಅವಳೇ ಮುಗಿಸುವಳು. "ನನಗ…" ಎಂದರೆ ನೀರೋ, ಹೊದಿಕೆಯೋ, ಗುಳಿಗೆಯೋ ಎಂದು ಕೇಳುವಳು. ಅವನು ಯಾವುದೋ ಒಂದಕ್ಕೆ ತಲೆ ಆಡಿಸುವನು. ಅದರಿಂದ ಇಬ್ಬರಿಗೂ ಹೊತ್ತು ಉಳಿಯುತ್ತಿತ್ತು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಡಾಕ್ಟರು, ಎಡಗೈಗೆ ಮನಸ್ಸಿಗೆ ಹಿಡಿಸುವಂಥ ಒಂದು ಕೆಲಸ ಕೊಡಿ ಎಂದರು. ಮಾಧುರಿಗೆ ಹಿಂದೊಮ್ಮೆ ಟೂಲ್‌ರೂಮಿಗೆ ಹೋದದ್ದು ನೆನಪಾಯಿತು. ಅಣ್ಣ ಆ ಪರದೆಯ ಮೇಲೆ ಕೂದಲೆಳೆಯಷ್ಟು ತೆಳ್ಳನೆಯ ಗೆರೆಗಳನ್ನು ತೋರಿಸಿ, ಕಾಗದದ ಮೇಲೂ ಇಷ್ಟು ಚೊಕ್ಕ ಬರುವುದಿಲ್ಲ ಎಂದಿದ್ದ. ಅವನನ್ನು ಏನೂ ಕೇಳದೆ ಅವಳು ವಿಕಾಸನಿಗೆ ಫೋನ್ ಮಾಡಿದಳು.

ವಿಕಾಸ ಬೆಳಗಾವಿ ಕಡೆಯವನು. ಅದೇ ಟೂಲ್‌ರೂಮಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು, ಈಗ ಪಿಂಪ್ರಿಯಲ್ಲಿ ಹಳೆಯ ಯಂತ್ರಗಳ ರಿಪೇರಿ ಅಂಗಡಿ ಇಟ್ಟಿದ್ದ. ಬಂದು ಕಂಪ್ಯೂಟರಿನ ಡಬ್ಬಿ ಬಿಚ್ಚಿದರೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಸುಟ್ಟಿತ್ತು. ಈಗಿನ ಯಾವುದಾದರೂ ಕಾರ್ಡ್ ಹಾಕಿದರೆ ಆಗದೇ ಎಂದು ಅವಳು ಕೇಳಿದಳು. ಇದು ಒಂದೇ ವೇಗದ ಸಿಗ್ನಲ್ ಹಿಡಿಯುವ ಮಾನಿಟರ್, ಬೇರೆ ವೇಗದ್ದು ಕೊಟ್ಟರೆ ತೋರಿಸುವುದಿಲ್ಲ, ಸುಟ್ಟರೂ ಸುಟ್ಟೀತು ಎಂದು ಅವನು ವಿವರಿಸಿದ. ಕಂಪ್ಯೂಟರ್ ಚಾಲೂ ಆಗುವಾಗಿನ ಅಕ್ಷರಗಳೂ ಇದರಲ್ಲಿ ಕಾಣುವುದಿಲ್ಲವಾದ್ದರಿಂದ ಅದಕ್ಕೊಂದು ಚಿಕ್ಕ ಮಾನಿಟರ್ ಬೇರೆ ಬೇಕಿತ್ತು. ಹೊಂದುವ ಹಳೆಯ ಕಾರ್ಡ್ ಹುಡುಕುವುದರಲ್ಲಿ ವಾರಗಳು ಹೋದವು. ಕೊನೆಗೆ ಬೇರೆ ಕಂಪನಿಯದೊಂದು ಸಿಕ್ಕಿತು. ಮಾಧುರಿಯ ಭಾನುವಾರಗಳು ಧೂಳು ಒರೆಸುವುದರಲ್ಲಿ, ವಿಕಾಸನಿಗೆ ಚಹಾ ಮಾಡುವುದರಲ್ಲಿ ಕಳೆದವು. ಸಿದ್ದಾರೂಢ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತು ಸುಮ್ಮನೆ ನೋಡುತ್ತಿದ್ದ.

ಮಾನಿಟರನ್ನು ಒಳಗಿನ ಮೇಜಿಗೆ ತಂದು ಎಲ್ಲ ಜೋಡಿಸಿದ ಭಾನುವಾರವೇ ವಿಕಾಸನಿಗೆ ಫೋನ್ ಬಂತು, ಭೋಸರಿಯಲ್ಲಿ ಯಾವುದೋ ಯಂತ್ರ ನಿಂತಿತ್ತು. ಹೋಗುವಾಗ, "ನಾ ಬರೂತನಕ ಚಾಲೂ ಮಾಡಬ್ಯಾಡ್ರಿ ಅಕ್ಕಾರ. ಮಾಡಿದ್ರೂ, ಸೀಟಿ ಹೊಡದಂಗ ಸಪ್ಪಳ ಬಂದ್ರ ತಕ್ಷಣ ಬಂದ್ ಮಾಡ್ರಿ" ಎಂದ.

ಮಾಧುರಿ ಕಾಯಲಿಲ್ಲ. ಒಗೆಯುವ ಬಟ್ಟೆ ಬಿದ್ದಿತ್ತು, ನಾಳೆ ಮತ್ತೆ ಲೋಕಲ್ ಇತ್ತು. ಇದೊಂದು ಮುಗಿದರೆ ಸಾಕಾಗಿತ್ತು. ಬಟನ್ ಒತ್ತಿದಳು. ಚಿಕ್ಕ ಮಾನಿಟರಿನಲ್ಲಿ ಅಕ್ಷರಗಳು ಓಡಿದವು. ಆಮೇಲೆ ದೊಡ್ಡದು ಚಟಚಟ ಎಂದಿತು, ಪರದೆಯ ತುಂಬ ಓರೆಯಾದ ಪಟ್ಟೆಗಳು ಹರಿದವು, ಕಿವಿ ಕೊರೆಯುವ ಸೀಟಿ ಕೇಳಿತು. ಗಾಬರಿಯಿಂದ ಆರಿಸಿದಳು. ಸ್ವಲ್ಪ ತಡೆದು ಇನ್ನೊಮ್ಮೆ ಹಚ್ಚಿದರೂ ಅದೇ ಪಟ್ಟೆ, ಅದೇ ಸೀಟಿ. ಮತ್ತೆ ಆರಿಸಿ ನೆಲದ ಮೇಲೆ ಕೂತುಬಿಟ್ಟಳು. ಅಳು ಬರಲಿಲ್ಲ. ಅಳಲಿಕ್ಕೂ ತ್ರಾಣ ಬೇಕಿತ್ತು.

"ಹಿಂ…" ಎಂದ ಸಿದ್ದಾರೂಢ.

"ಹಿಂಡಿ ಬೇಕೇನ, ಶೇಂಗಾದ್ದು? ಊಟಕ್ಕ ಇನ್ನೂ ಹೊತ್ತದ ಅಣ್ಣಾ."

ಅವನು ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದ. ಮತ್ತೆ "ಹಿಂ…" ಎಂದ. ಅವಳಿಗೆ ಇನ್ನೊಂದು ಊಹೆ ಮಾಡುವಷ್ಟೂ ಶಕ್ತಿ ಇರಲಿಲ್ಲ. ಸುಮ್ಮನೆ ಅವನ ಮುಖ ನೋಡುತ್ತ ಕೂತಳು. ಕೆಳಗೆ ರಸ್ತೆಯಲ್ಲಿ ತರಕಾರಿ ಗಾಡಿಯವನು ಕೂಗುತ್ತ ಬಂದು, ನಿಂತು, ಮುಂದೆ ಹೋದ.

"ಹಿಂದ… ಸ್ವಿಚ್ ಅದ," ಎಂದ ಸಿದ್ದಾರೂಢ. ಉಸಿರು ತೆಗೆದುಕೊಂಡ. "ವಿಕಾಸ ಮೂರ ವಾಯರ್ ಹಾಕ್ಯಾನ. ಮೊದಲ… ಐದಿದ್ವು. ಸ್ವಿಚ್… ಇನ್ನೂ ಐದಕ್ಕ ಅದ. ಒಳಗಿನ ಕಡೆ ಸರಸು."

ಮೊಬೈಲಿನ ಬೆಳಕು ಹಿಡಿದು ಅವಳು ಮಾನಿಟರಿನ ಹಿಂದೆ ಬಗ್ಗಿದಳು. ಕೇಬಲ್ಲುಗಳ ಮಗ್ಗುಲಲ್ಲಿ ಧೂಳು ಮೆತ್ತಿದ ಸಣ್ಣ ಸ್ವಿಚ್ ಇತ್ತು. ಬೆರಳಿಗೆ ಬಗ್ಗಲಿಲ್ಲ, ತಲೆಯ ಪಿನ್ನು ತೆಗೆದು ನೂಕಿದಳು. ಈ ಸಲ ಹಚ್ಚಿದಾಗ ಸೀಟಿ ಬರಲಿಲ್ಲ. ಪಟ್ಟೆಗಳೂ ಬರಲಿಲ್ಲ. ಕಪ್ಪು ಪರದೆಯ ಮೇಲೆ ಕಾರಿನ ಬಾಗಿಲೊಂದರ ಅಚ್ಚಿನ ನಕ್ಷೆ, ಬಿಳಿ ಗೆರೆಗಳಲ್ಲಿ, ಅಲುಗಾಡದೆ ನಿಂತಿತು. ಅಣ್ಣ ಅಂದು ಹೇಳಿದಷ್ಟೇ ಚೊಕ್ಕವಾಗಿತ್ತು.

ಕುರ್ಚಿಯನ್ನು ಮೇಜಿನ ತನಕ ಎಳೆದು ತಂದು, ಮೌಸನ್ನು ಅವನ ಎಡಗೈಗೆ ಕೊಟ್ಟಳು. ಅವನು ಚಿತ್ರವನ್ನು ಬಹಳ ಹೊತ್ತು ನೋಡಿದ. ಆಮೇಲೆ ಮೌಸನ್ನು ಪಕ್ಕಕ್ಕೆ ಸರಿಸಿದ.

"ಭಾಳ ಛಲೋ ಆತು," ಎಂದ. "ಆದ್ರ ನನಗ… ಇದು ಬ್ಯಾಡ."

ದಣಿವಾಗಿರಬೇಕು, ನಾಳೆ ಮಾಡಿದರಾಯಿತು ಎನ್ನಲು ಹೊರಟವಳು ತಡೆದುಕೊಂಡಳು.

"ಹರೇದಿಂದ ಇದನ್ನ ನೋಡೀನಿ. ಸಾಕಾಗೇದ. ನನಗ… ಕೆಳಗ ಹೋಗೋದದ. ಮಂದೀ ಜೋಡಿ… ಕೂಡಬೇಕು."

"ಮೊದಲ ಯಾಕ ಹೇಳ್ಲಿಲ್ಲ?"

"ಹೇಳ್ಲಿಕ್ಕೆ ಹತ್ತಿದ್ನಲ್ಲ," ಎಂದ ಅವನು. "ನೀ ಮುಗಸ್ತಿದ್ದಿ."

ಮಾಧುರಿಗೆ ಸಿಟ್ಟೇ ಬಂತು. ಇಷ್ಟು ಭಾನುವಾರ ಹಾಳಾದವಲ್ಲ ಎಂದುಕೊಂಡು ಅಡುಗೆಮನೆಗೆ ಹೋಗಿ ಕುಕ್ಕರ್ ಇಟ್ಟಳು. ಸೀಟಿ ಹೊಡೆಯುವತನಕ ಕಟ್ಟೆಗೆ ಒರಗಿ ನಿಂತಳು. ಅವನು ಕೆಳಗಿಳಿದು ಎಷ್ಟು ತಿಂಗಳಾಯಿತೆಂದು ಲೆಕ್ಕ ಹಾಕಲು ನೋಡಿದಳು, ಆಗಲಿಲ್ಲ. ಬೀಳಬಾರದೆಂದು ತಾನೇ ಬೇಡವೆಂದಿದ್ದಳು. ಅವನನ್ನು ಕೇಳಿರಲಿಲ್ಲ.

ವಿಕಾಸ ಬಂದು ಚಿತ್ರ ನೋಡಿ ಖುಷಿಪಟ್ಟ. ಅವಳು ವಿಷಯ ಹೇಳಿದಾಗ ಬೇಸರ ಮಾಡಿಕೊಳ್ಳಲಿಲ್ಲ. ಚಾಕಣದ ಒಂದು ಕಾರ್ಖಾನೆಯಲ್ಲಿ ಇಂಥದೇ ಮಾನಿಟರ್ ಮಂಕಾಗಿ ಅಳತೆಯ ಯಂತ್ರ ನಿಂತಿದೆ, ಅವರಿಗೆ ಉಪಯೋಗವಾಗುತ್ತದೆ ಎಂದ. ಕೊಟ್ಟುಬಿಡು ಎಂದ ಸಿದ್ದಾರೂಢ. ಮಾರನೇ ವಾರ ಹಮಾಲರು ಬಂದು ಒಯ್ದರು. ಮೇಜಿನ ಮೇಲೆ ಧೂಳಿನ ಚೌಕವೊಂದು ಉಳಿಯಿತು, ಅದನ್ನು ಮಾಧುರಿ ಒರೆಸಿಬಿಟ್ಟಳು.

ಅದೇ ಸಂಜೆ ಅಣ್ಣನನ್ನು ಇಳಿಸಿದಳು. ಮೆಟ್ಟಿಲಿನ ಕಂಬಿ ಇಳಿಯುವವರ ಬಲಕ್ಕಿತ್ತು. ಅದಕ್ಕೆ ಅವನು ಹಿಂದುಮುಂದಾಗಿ ತಿರುಗಿ, ಎಡಗೈಯಲ್ಲಿ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದ. ಅವಳು ಕೆಳಗಿನ ಮೆಟ್ಟಿಲಲ್ಲಿ ನಿಂತು ಅವನ ಬೆನ್ನಿಗೆ ಕೈ ಕೊಟ್ಟಿದ್ದಳು. ಗೇಟಿನ ಹತ್ತಿರದ ಕಟ್ಟೆ ಮುಟ್ಟುವಷ್ಟರಲ್ಲಿ ಇಬ್ಬರೂ ಬೆವೆತಿದ್ದರು. ಅಲ್ಲಿ ಕೂತಿದ್ದವರು ಸರಿದು ಜಾಗ ಮಾಡಿಕೊಟ್ಟರು, ಮರಾಠಿಯಲ್ಲಿ ಕ್ಷೇಮ ಕೇಳಿದರು. ಅವನು ನಿಧಾನವಾಗಿ ಉತ್ತರ ಹೇಳತೊಡಗಿದ. ಮಾಧುರಿ ನಡುವೆ ಬಾಯಿ ಹಾಕಲಿಲ್ಲ. ಗೋಡೆಗೆ ತಲೆ ಆನಿಸಿದವಳಿಗೆ ಯಾವಾಗ ನಿದ್ದೆ ಹತ್ತಿತೋ ತಿಳಿಯಲಿಲ್ಲ. ಎಚ್ಚರವಾದಾಗ ನೀರಿನ ಟ್ಯಾಂಕರಿನ ವಿಷಯಕ್ಕೆ ವಾದ ನಡೆದಿತ್ತು, ಸಿದ್ದಾರೂಢನೂ ಅದರಲ್ಲಿದ್ದ. ಮೇಲೆ ಹೋಗೋಣವೇ ಎಂದು ಕೇಳಿದಳು. ಇನ್ನೂ ಸ್ವಲ್ಪ ಹೊತ್ತು ಎಂದ. ಅವಳು ಮತ್ತೆ ಕಣ್ಣು ಮುಚ್ಚಿದಳು.