ಮೂರನೇ ಅಡ್ಡರಸ್ತೆಯ ಏಣಿ

ನಾನು ಒಂದು ಏಣಿ. ಬಿದಿರಿನ ಏಣಿ. ಎರಡು ಗಳ, ಹದಿನೈದು ಮೆಟ್ಟಿಲು, ಬಣ್ಣವಿಲ್ಲ, ಬೆಡಗಿಲ್ಲ. ಆದರೂ ಮೈಸೂರಿನ ಶಾಂಭವಿ ಬಡಾವಣೆಯ ಮೂರನೇ ಅಡ್ಡರಸ್ತೆಯಲ್ಲಿ ನನ್ನಷ್ಟು ತಲೆಯೆತ್ತಿ ಬಾಳಿದವರು ಇನ್ನೊಬ್ಬರಿಲ್ಲ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅಲ್ಲಿನ ತೆಂಗಿನ ಮರಗಳನ್ನು ಲೆಕ್ಕಕ್ಕೆ ತರಬೇಡಿ. ಅವು ನಿಂತಲ್ಲೇ ನಿಂತವು. ನಾನು ಮನೆಮನೆಗೂ ಹೋಗಿ ಬಂದವನು.

ನಾನು ಹುಟ್ಟಿದ್ದು ನಂಜನಗೂಡು ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ, ಮೇದರ ಚೌಡಮ್ಮನ ಕೈಯಲ್ಲಿ. ಆಕೆ ನನ್ನ ಗಳಗಳನ್ನು ಬೆಂಕಿಗೆ ಹಿಡಿದು, ಮೊಣಕಾಲು ಕೊಟ್ಟು ಬಗ್ಗಿಸಿ ಡೊಂಕು ತೆಗೆದಳು. ಉಳಿಯಿಂದ ತೂತು ಕೊರೆದು ಮೆಟ್ಟಿಲುಗಳನ್ನು ಒಂದೊಂದಾಗಿ ಬಡಿದು ಕೂರಿಸಿದಳು. ಬಡಿಯುವಾಗೆಲ್ಲ ಬಾಯಿತುಂಬ ಬೈಯುತ್ತಿದ್ದಳು. ನನ್ನನ್ನಲ್ಲ, ಹಸಿ ಬಿದಿರು ತಂದು ಸುರಿದು ಹೋದ ಲಾರಿಯವನನ್ನು. ಬೈದು ಮುಗಿಸುವಷ್ಟರಲ್ಲಿ ನಾನು ಏಣಿಯಾಗಿದ್ದೆ.

ನನ್ನನ್ನು ಕೊಳ್ಳಲು ಬಂದವನು ಜವರಪ್ಪ. ವಯಸ್ಸು ಅರವತ್ತೆಂಟು. ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಮೂವತ್ತೈದು ವರ್ಷ ಕರೆಂಟು ಕಂಬ ಹತ್ತಿ ಇಳಿದ ಲೈನ್‌ಮನ್. ಅವನು ನನ್ನನ್ನು ಗೋಡೆಗೆ ಒರಗಿಸಿ, ಚಪ್ಪಲಿ ಬಿಟ್ಟು, ಮೂರನೇ ಮೆಟ್ಟಿಲ ಮೇಲೆ ನಿಂತು ಎರಡು ಸಲ ಕುಪ್ಪಳಿಸಿದ.

“ತಡೀತದಾ ಇದು?” ಎಂದ.

“ನಿಮ್ಮಂಥೋರು ಮೂರ್ ಜನ ಹತ್ತಿ ಕೂತ್ಕಳಿ ಸಾಮಿ, ಅಲ್ಲಾಡಾಕಿಲ್ಲ” ಎಂದಳು ಚೌಡಮ್ಮ.

ಜವರಪ್ಪ ನನ್ನನ್ನು ಹೆಗಲಿಗೇರಿಸಿದ. ಅವನ ಬಲಹೆಗಲಲ್ಲಿ ಒಂದು ತಗ್ಗಿತ್ತು. ಅಷ್ಟು ವರ್ಷ ಏಣಿ ಹೊತ್ತು ಆದದ್ದು. ನಾನು ಅಲ್ಲಿ ಹೋಗಿ ಕೂತದ್ದು ಹೇಗಿತ್ತೆಂದರೆ, ನನಗಾಗಿಯೇ ಜಾಗ ಹಿಡಿದಿಟ್ಟಿದ್ದರೇನೋ ಎನ್ನಿಸಿತು.

ಅವನ ಮಗಳು ಸುಕನ್ಯಾ ಮಕ್ಕಳ ಡಾಕ್ಟರು. ಅಳಿಯನೂ ಡಾಕ್ಟರೇ. ಇಬ್ಬರೂ ಸೇರಿ ಶಾಂಭವಿ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದರು. ನಾಳೆ ಗೃಹಪ್ರವೇಶ. ಮಗಳ ಮನೆಗೆ ಸೀರಿಯಲ್ ಸೆಟ್ ಕಟ್ಟುವುದಕ್ಕೆ ಬೇರೆಯವರನ್ನು ಕರೆಯುವುದೇ ಎಂದು ಜವರಪ್ಪ ಲುಂಗಿ ಎತ್ತಿ ಕಟ್ಟಿ ನನ್ನ ಮೇಲೇರಿದ್ದ. ಆಗಲೇ ಪಕ್ಕದ ಮನೆಯ ಮಂದಾಕಿನಿಯವರು ಕಾಂಪೌಂಡಿನ ಆಚೆಯಿಂದ ಕತ್ತೆತ್ತಿ ನೋಡಿದರು. ಅವರು ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು, ಒಬ್ಬರೇ ಇದ್ದವರು.

“ಏನಪ್ಪಾ, ಲೈಟಿನವನಾ? ಇಲ್ಲಿ ಮುಗಿದ ಮೇಲೆ ನಮ್ಮನೆ ಪೋರ್ಟಿಕೋ ಬಲ್ಬು ಒಂದು ನೋಡಿಕೊಡ್ತೀಯಾ? ಹೋಗಿ ತಿಂಗಳಾಯ್ತು.”

ನಾನು ಮನೆಯವನು, ಹುಡುಗಿಯ ಅಪ್ಪ ಎಂದು ಹೇಳಿಬಿಡಬಹುದಿತ್ತು. ಜವರಪ್ಪ ಹೇಳಲಿಲ್ಲ. “ಬತ್ತೀನಿ ಅಮ್ಮಾವ್ರೇ” ಎಂದ. ಹೋದ. ಬಲ್ಬು ಮಾತ್ರವಲ್ಲ, ತುಕ್ಕು ಹಿಡಿದಿದ್ದ ಹೋಲ್ಡರನ್ನೂ ಬದಲಾಯಿಸಿದ. ಮಂದಾಕಿನಿ ಕಾಫಿ ತಂದುಕೊಟ್ಟು, ಬಾಗಿಲ ಮೆಟ್ಟಿಲ ಮೇಲೆ ಕೂತು, ಮುಕ್ಕಾಲು ಗಂಟೆ ಮಾತಾಡಿದರು. ತಮ್ಮ ಮಂಡಿನೋವು, ತೀರಿಹೋದ ಯಜಮಾನರ ಮುಂಗೋಪ, ಹೂ ಬಿಡದೆ ಸತಾಯಿಸುವ ಮಲ್ಲಿಗೆ ಬಳ್ಳಿ, ಎಲ್ಲವೂ ಬಂದವು. ಮರುದಿನ ಸಂಜೆ ಗೃಹಪ್ರವೇಶದ ಊಟಕ್ಕೆ ಅವರು ಬರಲಿಲ್ಲ. ಡಾಕ್ಟರಿಗೆ ಗೇಟಿನಲ್ಲೇ ಶುಭಾಶಯ ಹೇಳಿ, ಸಿಹಿ ಡಬ್ಬಿ ತೆಗೆದುಕೊಂಡು ಹಿಂದಿರುಗಿದರು. ಆ ರಸ್ತೆಯ ರೀತಿಯೇ ಅದು.

ಆ ರಸ್ತೆಯ ಬಗ್ಗೆ ಹೇಳಲೇಬೇಕು. ಹನ್ನೊಂದು ಮನೆ. ಎಲ್ಲಕ್ಕೂ ಕಾಂಪೌಂಡು, ಕಬ್ಬಿಣದ ಗೇಟು, ಗೇಟಿಗೊಂದು ನಾಯಿಯ ಬೋರ್ಡು. ಬೆಳಗ್ಗೆ ಒಂಬತ್ತಾದ ಮೇಲೆ ಒಂದು ನರಪಿಳ್ಳೆಯೂ ಕಾಣುವುದಿಲ್ಲ. ಎದುರಾದರೆ ಕಾರಿನ ಗಾಜಿನೊಳಗಿಂದ ಒಂದು ಕಿರುನಗೆ, ಅಷ್ಟೇ. ನಿಮ್ಮ ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಇನ್ನೊಬ್ಬರನ್ನು ಕೇಳುವುದು ಅಲ್ಲಿ ಮರ್ಯಾದೆಯಲ್ಲ. ಹಾಗಾಗಿ ಯಾರೂ ಕೇಳಲಿಲ್ಲ. ಕೇಳದ ಕಾರಣ ಜವರಪ್ಪ ಡಾಕ್ಟರ ಮನೆಯ ಕೆಲಸದವನೆಂದೇ ಇಡೀ ರಸ್ತೆ ತೀರ್ಮಾನಿಸಿತು.

ಮಗಳು ಮಾತ್ರ ಮೊದಲ ವಾರದಲ್ಲೇ ಕಟ್ಟಪ್ಪಣೆ ಮಾಡಿದ್ದಳು. “ಅಪ್ಪಾ, ಇನ್ನು ಏಣಿ ಗೀಣಿ ಹತ್ತೋದು ಸಾಕು. ಇಷ್ಟು ವರ್ಷ ನಮಗಾಗಿ ಹತ್ತಿದ್ದೀಯ, ಈಗ ಕೂತು ತಿನ್ನು.”

“ಆಯ್ತು ಕಣವ್ವ” ಎಂದಿದ್ದ ಜವರಪ್ಪ.

ನನ್ನನ್ನು ಮನೆಯ ಹಿಂದೆ ಸಂಪಿನ ಪಕ್ಕ ಮಲಗಿಸಿದ. ಎರಡು ದಿನ ಸೋಫಾದ ಮೇಲೆ ಕೂತ. ಗಡಿಯಾರ ನೋಡಿದ. ಮೂರನೆಯ ದಿನ ಮಗಳ ಕಾರು ತಿರುವು ದಾಟಿದ್ದೇ ತಡ, ನಾನು ಅವನ ಹೆಗಲ ಮೇಲಿದ್ದೆ.

ಅಲ್ಲಿಂದ ಎಂಟು ತಿಂಗಳು ನಮ್ಮದೇ ರಾಜ್ಯಭಾರ. ನಿವೃತ್ತ ಜಡ್ಜ್ ವಿರೂಪಾಕ್ಷಪ್ಪನವರ ಮನೆಯ ಮಾವು ಇಳಿಸಿದೆವು. ಅವರೇ ಬಡಾವಣೆಯ ಸಂಘದ ಅಧ್ಯಕ್ಷರು. ಗೇಟಿನ ದೀಪ, ಬಾವಲಿ ಕೂತ ಗವಾಕ್ಷಿ, ಕಟ್ಟಿಕೊಂಡ ಮಳೆನೀರಿನ ಪೈಪು, ಇಳಿಯಲಾರದೆ ಅಳುವ ಬೆಕ್ಕು, ಯಾವುದಕ್ಕೂ “ಡಾಕ್ಟರ್ ಮನೆ ಜವರಪ್ಪನ್ನ ಕರೀರಿ.” ಜನ ತಮ್ಮ ಮುಖಕ್ಕೆ ಏನು ಬೇಕಾದರೂ ಹಚ್ಚಿಕೊಳ್ಳಬಹುದು, ಏಣಿಗೆ ಗೊತ್ತಿರುವುದು ಕಾಲು. ಜವರಪ್ಪನ ಹಿಮ್ಮಡಿ ಬಿರಿದ ಕಾಲು ಆ ಎಂಟು ತಿಂಗಳಲ್ಲಿ ನನ್ನ ಮೇಲೆ ಬಿದ್ದಷ್ಟು ಹಗುರವಾಗಿ ಯಾವ ಕಾಲೂ ಬೀಳಲಿಲ್ಲ. ಸಂಜೆ ಮಗಳು ಬರುವ ಹೊತ್ತಿಗೆ ಕೈಕಾಲು ತೊಳೆದು ಟಿವಿ ಮುಂದೆ ಸಾಧುವಾಗಿ ಕೂತಿರುತ್ತಿದ್ದ, ಕಳ್ಳ!

ಆದರೆ ಒಂದು ಅಳುಕು ಅವನಿಗೆ ಇದ್ದೇ ಇತ್ತು. ಸಂಪಿನ ಕಟ್ಟೆಯ ಮೇಲೆ ಕೂತು ನನ್ನ ಮೆಟ್ಟಿಲು ಸವರುತ್ತಾ ಒಂದು ದಿನ ಹೇಳಿದ: “ಯಾರು ಅಂತ ಗೊತ್ತಾದ್ರೆ ಮುಗೀತು ನೋಡು. ಡಾಕ್ಟರ ಅಪ್ಪನ್ನ ಯಾರು ಮರ ಹತ್ತು ಅಂತಾರೆ? ಒಂದು ಬಾಗ್ಲೂ ತೆಗೆಯಾಕಿಲ್ಲ.”

ರಾಜ್ಯೋತ್ಸವ ಬಂತು. ಬಡಾವಣೆಯ ಪಾರ್ಕಿನಲ್ಲಿ ಧ್ವಜಾರೋಹಣ. ಮುಖ್ಯ ಅತಿಥಿ ಡಾ. ಸುಕನ್ಯಾ. ಅಪ್ಪನನ್ನು ಹೊರಡಿಸಲು ಅವಳು ಹೊಸ ಪಂಚೆ ತಂದಿದ್ದಳು. ಜವರಪ್ಪ ಸೊಂಟ ಹಿಡಿದಿದೆ ಎಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದ. ಒಂಬತ್ತೂಕಾಲಿಗೆ ಅವನ ಮೊಬೈಲು ಹೊಡೆದುಕೊಂಡಿತು. ಮಂದಾಕಿನಿಯವರ ಧ್ವನಿ ನನಗೂ ಕೇಳುವಷ್ಟು ಜೋರಾಗಿತ್ತು.

“ಜವರಪ್ಪ, ಎಲ್ಲಿದ್ದೀಯಾ? ಬಾವುಟ ಮೇಲೆ ಸಿಕ್ಕಾಕ್ಕೊಂಡಿದೆ. ಡಾಕ್ಟರಮ್ಮ ಎಷ್ಟು ಎಳೆದ್ರೂ ಬಿಚ್ಕೊಳ್ತಿಲ್ಲ. ಏಣಿ ತಗೊಂಡು ಓಡಿ ಬಾ!”

ಫೋನು ಜೇಬಿಗಿಟ್ಟು ಜವರಪ್ಪ ನನ್ನ ಮೇಲೆ ಕೈಯಿಟ್ಟು ನಿಂತ. ಹೋದರೆ ಗುಟ್ಟು ರಟ್ಟು, ನಾಳೆಯಿಂದ ಎಲ್ಲ ಗೇಟುಗಳೂ ಮುಚ್ಚುತ್ತವೆ. ಹೋಗದಿದ್ದರೆ ಮಗಳು ಅಷ್ಟು ಜನರ ನಡುವೆ ಹಗ್ಗ ಹಿಡಿದು ನಿಂತಿರಬೇಕು. ನಾನು ಏಣಿ, ನನಗೆ ಬಾಯಿಲ್ಲ. ಇದ್ದಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅವನು ನನ್ನನ್ನು ಹೆಗಲಿಗೆ ಹಾಕಿಕೊಂಡ.

ಟವೆಲನ್ನು ಹುಬ್ಬಿನವರೆಗೂ ಸುತ್ತಿಕೊಂಡು ಪಾರ್ಕಿನ ಹಿಂಬದಿಯಿಂದ ಹೋದ. ಯಾರತ್ತಲೂ ನೋಡದೆ ನನ್ನನ್ನು ಕಂಬಕ್ಕೆ ಒರಗಿಸಿದ. ಜಡ್ಜ್ ಸಾಹೇಬರು “ಬೇಗ ಹತ್ತಯ್ಯ, ಹೊತ್ತಾಯ್ತು” ಎಂದರು. ಕಂಬ ನುಣುಪು ಕಬ್ಬಿಣ, ಕೆಳಗೆ ಗ್ರಾನೈಟ್ ಕಟ್ಟೆ. ಆರನೇ ಮೆಟ್ಟಿಲಿಗೆ ಬರುವಾಗ ನನ್ನ ಕಾಲು ಒಂದು ಬೆರಳಷ್ಟು ಜಾರಿತು. ಜನ ಹಾ ಎಂದರು. ನನ್ನ ಜೀವಮಾನದಲ್ಲಿ ನಾಚಿಕೆಪಟ್ಟದ್ದು ಅದೊಂದೇ ಸಲ.

ಆಗ ಎರಡು ಕೈಗಳು ನನ್ನ ಗಳಗಳನ್ನು ಬಿಗಿಯಾಗಿ ಹಿಡಿದವು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಸುಕನ್ಯಾ ವೇದಿಕೆ ಇಳಿದು ಬಂದಿದ್ದಳು.

“ಅಪ್ಪಾ, ನಿಧಾನಕ್ಕೆ ಹತ್ತು. ನಾನು ಹಿಡ್ಕೊಂಡಿದೀನಿ.”

ಮೈಕಿನ ಅಗತ್ಯವೇ ಇರಲಿಲ್ಲ. ಕೊನೆಯ ಸಾಲಿನವರಿಗೂ ಕೇಳಿತು. ಜವರಪ್ಪ ನಿಂತಲ್ಲೇ ತಲೆಯ ಟವೆಲು ಬಿಚ್ಚಿದ. ಆಮೇಲೆ ಹತ್ತಿದನಲ್ಲ, ಆ ಹತ್ತುವಿಕೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹದಿನಾಲ್ಕನೇ ಮೆಟ್ಟಿಲಲ್ಲಿ ನಿಂತು, ಟವೆಲಿನಿಂದ ನನ್ನ ತಲೆಯನ್ನು ಕಂಬಕ್ಕೆ ಬಿಗಿದು, ರಾಟೆಯಲ್ಲಿ ಸಿಕ್ಕಿದ ಗಂಟು ಬಿಡಿಸಿದ. ಹಳದಿ ಕೆಂಪು ಬಾವುಟ ಬಿಚ್ಚಿಕೊಂಡಿತು. ಒಳಗಿದ್ದ ಹೂವೆಲ್ಲ ಏಣಿ ಹಿಡಿದವಳ ತಲೆಯ ಮೇಲೆ ಉದುರಿತು. ನಾಡಗೀತೆ ಶುರು ಮಾಡಬೇಕಾದವರು ಬಾಯಿ ತೆರೆದೇ ನಿಂತಿದ್ದರು.

ಅಂದು ಸಂಜೆ ಮನೆಯ ಹಿತ್ತಲಲ್ಲಿ ಅಪ್ಪ ಮಗಳ ಮಾತು ನಡೆಯಿತು. ಪಾರ್ಕಿನಲ್ಲಿ ಜನರಿಂದ ಎಲ್ಲ ಕೇಳಿ ತಿಳಿದು ಬಂದಿದ್ದ ಅವಳ ಕಣ್ಣು ಕೆಂಪಾಗಿತ್ತು.

“ಎಂಟು ತಿಂಗಳು ನಿನ್ನನ್ನ ಆಳು ಅಂದ್ಕೊಂಡಿದ್ರಲ್ಲಪ್ಪ. ‘ನಾನು ಅವಳ ಅಪ್ಪ’ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?”

“ಅಪ್ಪ ಅಂದಿದ್ರೆ ನಮಸ್ಕಾರ ಅಂದ್ಬುಟ್ಟು ಒಳಕ್ಕೋಗಿರೋರು ಕಣವ್ವ. ಕೆಲಸದೋನು ಅಂದ್ಕಂಡಿದ್ಕೆ ಕೂರ್ಸಿ ಮನೆ ಕಷ್ಟಸುಖ ಹೇಳಿದ್ರು. ನಂಗೆ ಇಲ್ಲಿ ಇನ್ಯಾರವ್ವ ಇದ್ದಾರೆ ಮಾತಾಡಕ್ಕೆ?”

ಅಂದಿನಿಂದ ಅವಳು ಏಣಿ ಹತ್ತಬೇಡ ಎಂದು ಹೇಳಲಿಲ್ಲ.

ಜವರಪ್ಪ ಹೆದರಿದ್ದೇ ನಿಜವಾಯಿತು. ಒಂದು ತಿಂಗಳು ಯಾರೂ ಕರೆಯಲಿಲ್ಲ. ಕಂಡರೆ ಎರಡೂ ಕೈ ಎತ್ತಿ ನಮಸ್ಕಾರ ಮಾಡಿ, ಕಾಲು ಕಿತ್ತು ಮನೆಯೊಳಗೆ ಹೋಗುತ್ತಿದ್ದರು. ಜವರಪ್ಪ ಊಟ ಕಡಿಮೆ ಮಾಡಿದ. ಸಂಜೆ ಹಿತ್ತಲಿಗೆ ಬಂದು ನನ್ನ ಪಕ್ಕ ಸುಮ್ಮನೆ ಕೂರುತ್ತಿದ್ದ. ಪಕ್ಕದ ಪೋರ್ಟಿಕೋ ದೀಪ ಮತ್ತೆ ಕೆಟ್ಟಿದ್ದು ಅವನ ಕಣ್ಣಿಗೆ ಬಿದ್ದಿತ್ತು. ಮಂದಾಕಿನಿ ಮೊಬೈಲಿನ ಬೆಳಕಿನಲ್ಲಿ ಬೀಗ ತೆಗೆಯುತ್ತಿದ್ದರು, ಕರೆಯುತ್ತಿರಲಿಲ್ಲ. ಹತ್ತು ದಿನ ತಡೆದುಕೊಂಡವನು ಹನ್ನೊಂದನೆಯ ಬೆಳಗ್ಗೆ ಕರೆಯದೆಯೇ ನನ್ನನ್ನು ಹೊತ್ತು ಅವರ ಗೇಟು ತಳ್ಳಿದ.

ಮಂದಾಕಿನಿಯವರು ಎರಡೂ ಕೈ ಅಡ್ಡ ಹಿಡಿದು ಹೊರಗೆ ಬಂದರು. “ಅಯ್ಯೋ, ಬೇಡಿ! ಗೊತ್ತಿಲ್ಲದೆ ಏನೇನೋ ಕೆಲಸ ಹೇಳ್ಬಿಟ್ಟಿದ್ದೆ. ಇನ್ನು ನಿಮ್ಮ ಕೈಲಿ ಹೇಗೆ ಮಾಡಿಸ್ಲಿ?”

“ಹಂಗಾರೆ ನೀವೇ ಹತ್ತಿ” ಎಂದ ಜವರಪ್ಪ. “ನಾನು ಕೆಳಗೆ ಹಿಡ್ಕತೀನಿ.”

“ನಾನಾ? ಈ ಮಂಡಿ ಇಟ್ಕೊಂಡಾ?”

“ಬಲಗಾಲು ಮೊದ್ಲು. ಕೆಳಕ್ಕೆ ನೋಡ್ಬೇಡಿ.”

ಅರವತ್ತೆರಡು ವರ್ಷದ ಆ ಹೆಂಗಸು ಸೀರೆ ಎತ್ತಿ ಕಟ್ಟಿ, ದೇವರ ಹೆಸರು ಹೇಳುತ್ತಾ ಆರು ಮೆಟ್ಟಿಲು ಹತ್ತಿ ಬಲ್ಬು ತಿರುಗಿಸಿದರು. ದೀಪ ಹತ್ತಿತು. ಇಳಿಯಿರಿ ಎಂದರೆ ಇಳಿಯಲಿಲ್ಲ. ಸುತ್ತ ನೋಡಿದರು. “ಜಡ್ಜ್ ಸಾಹೇಬ್ರೇ!” ಎಂದು ಮೂರು ಕಾಂಪೌಂಡು ದಾಟಿ ಕೇಳುವ ಹಾಗೆ ಕೂಗಿದರು. “ನಿಮ್ಮ ಮಾವಿನ ಮರ ಹೂ ಬಿಟ್ಟಿದೆ, ನೋಡಿದ್ರಾ?” ಮೂರನೇ ಅಡ್ಡರಸ್ತೆಯಲ್ಲಿ ಒಬ್ಬರು ಇನ್ನೊಬ್ಬರನ್ನು ಕೂಗಿ ಮಾತಾಡಿಸಿದ್ದು ನಾನು ಕಂಡಂತೆ ಅದೇ ಮೊದಲು. ಜಡ್ಜ್ ಸಾಹೇಬರು ಬನಿಯನ್ನಿನಲ್ಲೇ ಹೊರಗೆ ಬಂದರು.

ಮಾರನೆಯ ದಿನ ಅವರೇ ನಮ್ಮ ಗೇಟಿಗೆ ಬಂದು, ಗಂಟಲು ಸರಿಮಾಡಿಕೊಂಡು, “ಜವರಪ್ಪನವರೇ, ನನಗೂ ಒಂದ್ಸಲ ಹತ್ತೋದು ಹೇಳಿಕೊಡಿ” ಎಂದರು. ಆಮೇಲೆ ಕೇಳಬೇಕೆ! ಪ್ರೊಫೆಸರು ಬಂದರು, ಕಂಟ್ರಾಕ್ಟರ ಹೆಂಡತಿ ಬಂದಳು. ಒಬ್ಬರು ಹತ್ತಿದರೆ ನಾಲ್ವರು ಸಲಹೆ ಕೊಡುತ್ತಾ ನಿಲ್ಲುವರು. ಆ ಬಡಾವಣೆಯ ಎಷ್ಟೋ ಮೃದುವಾದ, ಭಯಪಟ್ಟ, ಗಂಧದೆಣ್ಣೆ ಹಚ್ಚಿದ ಪಾದಗಳನ್ನು ನಾನು ಹೊತ್ತಿದ್ದೇನೆ. ಒಬ್ಬರನ್ನೂ ಬೀಳಿಸಲಿಲ್ಲ. ಹೇಳಿಕೊಳ್ಳುವುದಕ್ಕೆ ನನ್ನ ಬಳಿ ಇರುವುದು ಅಷ್ಟೇ, ಅದು ಸಾಕು.

ಆರು ವರ್ಷ ದುಡಿದೆ. ಕಳೆದ ಮಳೆಗಾಲದಲ್ಲಿ ನನ್ನ ಎಡಗಳಕ್ಕೆ ಹುಳು ಬಿದ್ದು, ನಾಲ್ಕನೇ ಮೆಟ್ಟಿಲು ಮುರಿಯಿತು. ಸಂಘದವರು ಅಲ್ಯುಮಿನಿಯಂ ಏಣಿಯೊಂದನ್ನು ತಂದರು. ಹೊಳಪೇನೋ ಇದೆ, ಪಾಪ, ಹತ್ತಿದರೆ ಕಿರುಗುಡುತ್ತದೆ. ಎಲ್ಲಿಡುವುದು ಎಂಬ ಮಾತು ಬಂದಾಗ ಯಾರೂ ಬೇರೆ ಮನೆಯ ಹೆಸರು ಹೇಳಲಿಲ್ಲ. ಅದು ನಮ್ಮ ಹಿತ್ತಲಲ್ಲೇ ಇದೆ. ನನ್ನನ್ನು ಒಲೆಗೆ ಹಾಕಲು ಜವರಪ್ಪ ಒಪ್ಪಲಿಲ್ಲ. ಕಾಂಪೌಂಡಿಗೆ ಒರಗಿಸಿ ಹಾಗಲ ಬಳ್ಳಿ ಹಬ್ಬಿಸಿದ್ದಾನೆ. ಮನುಷ್ಯರ ಕಾಲಿಗಿಂತ ಬಳ್ಳಿಯ ಕಾಲು ಹಗುರ. ದಿನಕ್ಕೊಂದು ಮೆಟ್ಟಿಲೂ ಹತ್ತುವುದಿಲ್ಲ, ಅವಸರವಿಲ್ಲ. ನನಗೂ ಇಲ್ಲ.

ಜವರಪ್ಪನಿಗೆ ಈಗ ಎಪ್ಪತ್ತನಾಲ್ಕು. ಅವನೂ ಹತ್ತುವುದಿಲ್ಲ. ಆದರೆ ಅವನು ಕೆಳಗೆ ನಿಂತು ಹಿಡಿಯದೆ ಆ ರಸ್ತೆಯಲ್ಲಿ ಯಾರೂ ಮೇಲೆ ಕಾಲಿಡುವುದಿಲ್ಲ.

ಮೊನ್ನೆ ಭಾನುವಾರ ಮಂದಾಕಿನಿಯವರು ಅಲ್ಯುಮಿನಿಯಂ ಏಣಿ ಹತ್ತಿ ಮಲ್ಲಿಗೆ ಬಳ್ಳಿಯನ್ನು ಚಪ್ಪರಕ್ಕೆ ಕಟ್ಟುತ್ತಿದ್ದರು. ಕಾಂಪೌಂಡಿನ ಮೇಲಿಂದ ನನಗೆ ಎಲ್ಲ ಕಾಣುತ್ತಿತ್ತು. ರಸ್ತೆಯ ಕೊನೆಯ ಮನೆಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಕೆಮ್ಮುವ ಮಗುವನ್ನು ಎತ್ತಿಕೊಂಡು ಗೇಟಿನಲ್ಲಿ ನಿಂತಳು.

“ಆಂಟೀ, ಇಲ್ಲಿ ಡಾಕ್ಟರ್ ಸುಕನ್ಯಾ ಅಂತ ಇದ್ದಾರಂತಲ್ಲ, ಅವರ ಮನೆ ಯಾವುದು?”

ಮಂದಾಕಿನಿ ಕತ್ತು ತಿರುಗಿಸಿದರು. “ಸುಕನ್ಯಾನಾ? ನಮ್ಮ ಜವರಪ್ಪನವರ ಮಗಳು ಕಣಮ್ಮ. ಇಲ್ಲೇ ಏಣಿ ಹಿಡ್ಕೊಂಡಿದಾರಲ್ಲ, ಇವರೇ ಜವರಪ್ಪನವರು. ಕೇಳು.”

ಹುಡುಗಿ ಅವನತ್ತ ನೋಡಿದಳು. ಜವರಪ್ಪ ಎರಡು ಕೈಯಲ್ಲೂ ಏಣಿ ಹಿಡಿದಿದ್ದ, ಮೇಲೆ ಜನವಿದ್ದಾಗ ಬಿಡುವ ಹಾಗಿರಲಿಲ್ಲ. ಗಲ್ಲವೆತ್ತಿ ನಮ್ಮ ಮನೆಯ ಕಡೆ ತೋರಿಸಿದ.