ತಾಯಿಮೀನಿನ ಸ್ನಾನ

"ಇನ್ನು ನಾಲ್ಕೇ ನಿಮಿಷ," ಅಂದ ಅಳಿಯ, ಗಡಿಯಾರದಿಂದ ಕಣ್ಣು ತೆಗೆಯದೆ.

ತೆಪ್ಪದ ಮೇಲಿನ ಸಿಹಿನೀರಿನ ತೊಟ್ಟಿಯಲ್ಲಿ ತಾಯಿಮೀನು ಓರೆಯಾಗಿ ನಿಂತಿತ್ತು. ಕಿವಿರಿನಿಂದ, ರೆಕ್ಕೆಗಳ ಬುಡದಿಂದ ಜಿಗಣೆಗಳು ಒಂದೊಂದಾಗಿ ಹಿಡಿತ ಬಿಟ್ಟು ತಳಕ್ಕೆ ಬೀಳುತ್ತಿದ್ದವು. ಕಡಲ ಜಿಗಣೆಗೆ ಸಿಹಿನೀರೆಂದರೆ ವಿಷ. ಮೀನು ಮಾತ್ರ ಹತ್ತು ನಿಮಿಷ ತಡೆದುಕೊಳ್ಳುತ್ತದೆ, ಅದೂ ಹೊಟ್ಟೆ ಖಾಲಿಯಿದ್ದರೆ. ಅದಕ್ಕೇ ಸ್ನಾನದ ಹಿಂದಿನ ದಿನದಿಂದ ಮೇವು ಹಾಕಬಾರದು. ಕಡಲಲ್ಲಿ ಪಂಜರ ಕಟ್ಟಿ ಮೀನು ಸಾಕುವ ಆ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದದ್ದೇ.

ಮಾವ ತೆಪ್ಪದ ಮೇಲೂ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಎರಡು ವಾರದಿಂದ ಗಾಳಿಯಿಲ್ಲ, ಸೆಳೆತವಿಲ್ಲ. ಬಲೆಗೆಲ್ಲ ಪಾಚಿ ಕಟ್ಟಿತ್ತು, ಅಳಿಯ ದಿನಾ ಅಳೆಯುತ್ತಿದ್ದ ನೀರಿನ ಆಮ್ಲಜನಕ ಇಳಿಯುತ್ತಲೇ ಇತ್ತು. "ಬಲೆ ಬದಲಾಯಿಸೋಣ ಮಾವ, ಒಳಗೆ ನೀರೇ ಓಡಾಡ್ತಿಲ್ಲ" ಎಂದು ಅವನು ನಾಲ್ಕು ಸಲ ಹೇಳಿದ್ದ. "ಅಳಿಯಂದ್ರಿಗೆ ಇಷ್ಟು ದೊಡ್ಡ ಸಮುದ್ರ ಸಾಲಲ್ಲ ಅಂತ ಕಾಣ್ಸತ್ತೆ" ಎಂದು ಮಾವ ನಾಲ್ಕು ಸಲವೂ ನಕ್ಕಿದ್ದ. ಆ ಪಾಚಿಯಲ್ಲೇ ಜಿಗಣೆಗಳು ಸಂಸಾರ ಹೂಡಿದವು. ಈಗ ಪಾಚಿಯ ಸುದ್ದಿ ಎತ್ತುವ ಧೈರ್ಯ ಯಾರಿಗಿದೆ?

ಆದರೂ ಅಳಿಯ ಹುರುಪಿನಲ್ಲಿದ್ದ. ಮೀನಿನ ಹೊಟ್ಟೆ ಮೊಟ್ಟೆಯಿಂದ ಬಿರಿಯುವಂತಿತ್ತು. ಈ ಸಲದ ಮರಿಗಳೆಲ್ಲ ಮಗಳು ಅಳಿಯನಿಗೆ, ಕೊನೆಯ ಪಂಜರವೂ ಅವರಿಗೇ, ಬೇರೆ ಮನೆ ಮಾಡಿಕೊಳ್ಳಲಿ ಎಂದು ಮಾವ ನೆಂಟರೆದುರು ಮಾತು ಕೊಟ್ಟಿದ್ದ. ಆರು ವರ್ಷ ಮನೆಅಳಿಯನಾಗಿ ಬದುಕಿದವನಿಗೆ ಅದಕ್ಕಿಂತ ದೊಡ್ಡ ಮಾತು ಯಾವುದು?

ಆಗ ಮೀನು ಒಮ್ಮೆ ಮೈ ಕೊಡವಿತು. ಬಾಯಿಂದ ಏನೋ ಬೆಳ್ಳಗೆ ತೇಲಿಬಂತು. ಮತ್ತೊಂದು ತುಂಡು, ಮಗದೊಂದು. ತೊಟ್ಟಿಯ ನೀರು ಕದಡಿಹೋಯಿತು.

ಅಳಿಯ ಮೀನನ್ನು ಬಾಚಿ ತಬ್ಬಿಕೊಂಡು ಕಡಲಿಗೆ ಧುಮುಕಿದ. ಬಾಯಿಗೆ ನೀರು ನುಗ್ಗುವಂತೆ ಹಿಡಿದು ಮುಂದಕ್ಕೆ ತಳ್ಳುತ್ತಾ ಪಂಜರದ ಸುತ್ತ ಈಜಿದ. ಮೂರನೆಯ ಸುತ್ತಿಗೆ ಕಿವಿರು ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಆದರೂ ಇನ್ನೆರಡು ಸುತ್ತು ಹಾಕಿದ.

"ಸಾಕು, ಮೆರವಣಿಗೆ," ಅಂದ ಮಾವ. "ಮೇಲೆ ತಂದು ಕೊಯ್ಯಿ."

"ಮಾವ, ಇದನ್ನ..."

"ಕೊಯ್ಯಿ ಅಂದೆ."

ಕೊಯ್ದ. ಕೇಸರಿ ಬಣ್ಣದ ಮೊಟ್ಟೆಯ ಗೊಂಚಲು ಹಲಗೆ ತುಂಬ ಹರಡಿತು. ಅದರ ಹಿಂದೆ ಜಠರ. ಅದರೊಳಗೆ ಇನ್ನೂ ಕರಗದ ಮೀನಿನ ತುಂಡುಗಳು. ತಲೆಯಿಲ್ಲ, ರೆಕ್ಕೆಯಿಲ್ಲ, ನಡುಮುಳ್ಳು ಕೂಡ ಬಿಡಿಸಿದ್ದು. ಕೂಸಿಗೆ ಉಣ್ಣಿಸುವವರ ಹಾಗೆ ಮೇವಿನ ಮುಳ್ಳು ಬಿಡಿಸುವವಳು ಆ ಮನೆಯಲ್ಲಿ ಒಬ್ಬಳೇ. ಈ ಮೀನನ್ನು ಬೆರಳುದ್ದದಿಂದ ಸಾಕಿದ ಮಗಳು. ಬೆಳಿಗ್ಗೆ ಅದು ಬಲೆಗೆ ಮೂತಿ ಒತ್ತಿ ನಿಂತಿರಬೇಕು, ಇವಳ ಕರುಳು ಚುರುಕ್ ಅಂದಿರಬೇಕು.

ಅಡಿಗೆಮನೆ ಯಾವ ದಿಕ್ಕಿಗಿದೆ ಎಂದೇ ಗೊತ್ತಿಲ್ಲದ ಮಾವನಿಗೆ ಅದೆಲ್ಲ ಹೊಳೆಯಲಿಲ್ಲ.

"ಯಾರು ಹಾಕಿದ್ದು?"

ಮಗಳು ತೆಪ್ಪದ ಕಂಬ ಹಿಡಿದು ನಿಂತಿದ್ದಳು. ಅಪ್ಪ ಅವಳ ಮೇಲೆ ಯಾವತ್ತೂ ಕೈ ಎತ್ತಿದವನಲ್ಲ. ಒಂಬತ್ತು ವರ್ಷದವಳಿದ್ದಾಗ ಪಂಜರದ ಬಾಯಿ ಕಟ್ಟಲು ಮರೆತದ್ದಕ್ಕೆ ಒಂದು ವರ್ಷ ಮಾತು ಬಿಟ್ಟಿದ್ದ, ಅಷ್ಟೇ.

"ಇವರೇ," ಅಂದಳು. "ಬೇಡ ಅಂದ್ರೂ ಕೇಳ್ಲಿಲ್ಲ."

ಅಳಿಯ ತಲೆಯೆತ್ತಿದ. ಅವನಿಗೆ ಹೆಂಡತಿಯ ಮೇಲೆ ಇಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಆ ತುಂಡೊಂದನ್ನು ಎತ್ತಿ ತೋರಿಸಿದ್ದರೆ ಸಾಕಿತ್ತು. ಅವಳು ಅಪ್ಪನ ಮುಖವನ್ನೇ ನೋಡುತ್ತಾ ಕಂಬದ ಮರೆಗೆ ಸರಿದಳು. "ಬೇಡ ಅಂದ್ರೂ" ಅನ್ನುವುದನ್ನಾದರೂ ಬಿಟ್ಟಿರಬಾರದಿತ್ತೇ ಅನ್ನಿಸಿತು.

"ಹೌದು, ನಾನೇ," ಅಂದ.

"ಪಂಜರ ಬೇಕಂತೆ ಇವ್ನಿಗೆ, ಪಂಜರ!" ಅಳಿಯಂದ್ರು ಹೋಗಿ ಏಕವಚನ ಬಂತು. "ಕೊಟ್ಟ ಮಾತು ಇವತ್ತಿಗೆ ಮುಗೀತು. ನಾನು ಬದುಕಿರೋವರೆಗೂ ನನ್ನ ಮನೇಲೇ ಬಿದ್ದಿರು, ಬಲೆ ತೊಳ್ಕೊಂಡು. ನಡಿ ಮಗಳೇ, ಸಾರು ಮಾಡು. ಒಂದು ತುಂಡೂ ಹಾಳಾಗ್ಬಾರ್ದು."

ಮಧ್ಯಾಹ್ನ ಮೂವರೂ ಊಟಕ್ಕೆ ಕೂತರು. ಮೊಟ್ಟೆಯ ಗೊಂಚಲನ್ನು ಬೇರೆಯಾಗಿ ಹುರಿದಿದ್ದಳು. ಅದನ್ನು ಅಳಿಯನಿಗೇ ಬಡಿಸಬೇಕೆಂದು ಅಪ್ಪನ ಅಪ್ಪಣೆಯಾಗಿತ್ತು.

"ಮಾಡಿದ್ದುಣ್ಣೋ ಮಹರಾಯ," ಎಂದು ಮಾವ ತನ್ನ ಮಾತಿಗೆ ತಾನೇ ನಕ್ಕ. ಮಗಳೂ ಸಣ್ಣಗೆ ನಕ್ಕಳು. ಬೆಳಗಿನಿಂದ ಅಪ್ಪ ಅವಳ ಕಡೆ ನೋಡಿ ನಕ್ಕದ್ದು ಅದೇ ಮೊದಲು.

ಅಳಿಯ ತಲೆತಗ್ಗಿಸಿ ಉಂಡ. ಮೊಟ್ಟೆಗಳು ಹಲ್ಲಿನಡಿ ಒಂದೊಂದಾಗಿ ಒಡೆಯುತ್ತಿದ್ದವು.

"ಇನ್ನೊಂದು ಹಾಕ್ಲಾ ರೀ?" ಅಂದಳು ಅವಳು.

ಅವನು ತಟ್ಟೆ ಮುಂದಕ್ಕೆ ಸರಿಸಿದ.