ಎಂಟು ಭೇಟಿ, ಮೂರು ಫೋನ್

ನಮ್ಮ ಕಾಲೇಜಿನ ಹೆಸರು ಹೇಳುವುದಿಲ್ಲ. ಉಡುಪಿಯಲ್ಲಿ ಕಾರ್ಕಳದ ಬಸ್ಸು ಹತ್ತಿ, ಮಣಿಪಾಲದಲ್ಲಿ ಅರ್ಧ ಬಸ್ಸು ಖಾಲಿಯಾದ ಮೇಲೂ ಇಳಿಯದೆ ಕೂತವರು ನಮ್ಮಲ್ಲಿಗೆ ಬರುವವರು ಎಂದರೆ ಸಾಕು. ನಾನು ಅಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗದ ಅಸಿಸ್ಟೆಂಟ್ ಪ್ರೊಫೆಸರ್, ಹೆಸರು ವಿನೀತ್. ಪಾಠ ಮಾಡುವುದು ನನ್ನ ಕೆಲಸ ಎಂದು ಮನೆಯವರು ತಿಳಿದಿದ್ದಾರೆ. ನಿಜವಾಗಿ ನನ್ನ ಕೆಲಸ ದಾಖಲೆ ಹುಟ್ಟಿಸುವುದು.

ದಾಖಲೆಗಳಲ್ಲೆಲ್ಲ ದೊಡ್ಡದು ಮೆಂಟರ್ ಡೈರಿ. ಪ್ರತಿ ಅಧ್ಯಾಪಕನ ತಲೆಗೆ ಇಪ್ಪತ್ತು ವಿದ್ಯಾರ್ಥಿಗಳು. ತಿಂಗಳಿಗೊಮ್ಮೆ ಒಬ್ಬೊಬ್ಬರನ್ನೂ ಎದುರು ಕೂರಿಸಿಕೊಂಡು, ಯಾವ ವಿಷಯ ಆರಿಸಬೇಕು, ಎಲ್ಲಿ ಹಿಂದೆ ಬಿದ್ದಿದ್ದಾರೆ, ಮನೆಯಲ್ಲಿ ಹೇಗಿದೆ ಎಂದೆಲ್ಲ ವಿಚಾರಿಸಿ, ಕೊಟ್ಟ ಸಲಹೆಯನ್ನು ಡೈರಿಯಲ್ಲಿ ಬರೆಯಬೇಕು. ನಿಯಮ ಬಹಳ ಚೆನ್ನಾಗಿದೆ. ಪಾಲಿಸಿದವರನ್ನು ಮಾತ್ರ ನಾನು ಕಂಡಿಲ್ಲ.

ಕಾಲೇಜಿಗೆ ಮಾನ್ಯತೆ ಕೊಡುವ ಸಮಿತಿ ಬರುತ್ತದೆ ಎಂದಾಗ ನಾವು ನಾಲ್ಕು ತಿಂಗಳ ಡೈರಿಯನ್ನು ಒಂದೇ ಮಧ್ಯಾಹ್ನದಲ್ಲಿ ಬರೆಯುತ್ತೇವೆ. ಆಗಸ್ಟಿಗೆ ನೀಲಿ ಪೆನ್ನು, ಸೆಪ್ಟೆಂಬರಿಗೆ ಕಪ್ಪು, ಅಲ್ಲಿಂದ ಮುಂದಕ್ಕೆ ಜೆಲ್. ಬಿ ಸೆಕ್ಷನ್ನಿಗೆ ಪಾಠ ಮಾಡುವ ನನ್ನ ಗೆಳೆಯ ಶೆಲ್ಡನ್ ಪುಟದ ಮೂಲೆ ಮಡಚಿ, ಮೇಲೆ ಚಹಾದ ಲೋಟ ಊರಿ, ಡೈರಿಯನ್ನು ಹಳತು ಮಾಡುತ್ತಾನೆ. ಈ ವಿದ್ಯೆಯಲ್ಲಿ ಅವನಿಗೆ ಡಾಕ್ಟರೇಟ್ ಕೊಡಬಹುದಿತ್ತು.

ಸಮಿತಿ ಸೋಮವಾರ ಬರುವುದಿತ್ತು. ಶುಕ್ರವಾರ ನಾನು ಬರೆಯಲು ಕೂತೆ. ಹತ್ತೊಂಬತ್ತು ಮಂದಿಗೆ ನಾಲ್ಕು ನಾಲ್ಕು ಭೇಟಿ ಹಂಚಿ ಮುಗಿಸಿ ಇಪ್ಪತ್ತನೆಯವನಿಗೆ ಬಂದೆ. ಉಜ್ವಲ್, ಊರು ಕಾಪು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ತಡವಾಗಿ ಸೇರಿದವನು. ಮುಖ ಹೇಗಿದೆ ಎಂದು ಗೊತ್ತಿರಲಿಲ್ಲ. ಕಾಲೇಜಿನ ಆ್ಯಪಿನಲ್ಲಿ ಅವನ ಹಾಜರಿ ನೋಡಿದರೆ ಸೊನ್ನೆ. ಕಡಿಮೆ ಅಲ್ಲ, ಪೂರ್ತಿ ಸೊನ್ನೆ.

ನನ್ನೊಳಗಿನ ಸಾಹಿತಿ ಎದ್ದು ಕೂತ. ಇಂಥ ಪೋಲಿಗೆ ನಾಲ್ಕು ಭೇಟಿ ಸಾಲದು ಎಂದು ಎಂಟು ಬರೆದೆ. ‘ವಿದ್ಯಾರ್ಥಿ ತನ್ನ ತಪ್ಪನ್ನು ಒಪ್ಪಿಕೊಂಡಿದ್ದಾನೆ’ ಎಂದು ಸೆಪ್ಟೆಂಬರಿನಲ್ಲಿ. ‘ಮಾತು ಕೊಟ್ಟು ತಪ್ಪಿದ್ದಾನೆ’ ಎಂದು ಅಕ್ಟೋಬರಿನಲ್ಲಿ. ಆ್ಯಪಿನಲ್ಲಿ ತಂದೆಯ ಹೆಸರು ಮುದ್ದಣ್ಣ ಎಂದಿತ್ತು, ಪಕ್ಕದಲ್ಲಿ ನಂಬರ್. ಡೈರಿಯಲ್ಲೇ ಅವರಿಗೆ ಮೂರು ಸಲ ಫೋನ್ ಮಾಡಿದೆ. ಮೂರನೆಯ ಸಲ ಅವರು ಮಗನ ಬಗ್ಗೆ ಬಹಳ ಬೇಸರಪಟ್ಟುಕೊಂಡರು. ಬರೆದು ಮುಗಿಸಿ ನಾನೇ ಇನ್ನೊಮ್ಮೆ ಓದಿ ಖುಷಿಪಟ್ಟೆ.

ಶನಿವಾರ ಬೆಳಿಗ್ಗೆ ಹಾಜರಿ ಕಡಿಮೆ ಇರುವವರ ವಿಚಾರಣೆ. ನಮ್ಮಲ್ಲಿ ಅದಕ್ಕೊಂದು ಕ್ರಮ ಇದೆ. ಮೆಂಟರ್ ಸರಿಯಾಗಿ ಗಮನಿಸದ ವಿದ್ಯಾರ್ಥಿಗೆ ಇನ್ನೊಂದು ಅವಕಾಶ. ಎಷ್ಟು ಹೇಳಿದರೂ ಕೇಳದವನಿಗೆ ಪರೀಕ್ಷೆ ಇಲ್ಲ, ಒಂದು ವರ್ಷ ಹೋಯಿತು. ಶುಕ್ರವಾರ ಬರೆಯುವ ಭರದಲ್ಲಿ ನನಗೆ ಈ ಕ್ರಮ ನೆನಪಾಗಿರಲಿಲ್ಲ.

ವಿಭಾಗದ ಮುಖ್ಯಸ್ಥೆ ಮನೋರಮಾ ಮೇಡಮ್ ಅವರ ಕೋಣೆಯ ಹೊರಗೆ ಒಬ್ಬ ಹುಡುಗ ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಪಕ್ಕದಲ್ಲಿ ಇಸ್ತ್ರಿ ಮಾಡಿದ ಸೀರೆ ಉಟ್ಟ ಹೆಂಗಸು.

“ಯಾರು ಬೇಕು?” ಎಂದೆ.

“ವಿನೀತ್ ಸರ್.”

“ನಾನೇ. ನೀನು ಯಾರು?”

“ಉಜ್ವಲ್ ಸರ್.”

ಎಂಟು ಸಲ ಭೇಟಿಯಾದವರು ಹೀಗೆ ಪರಿಚಯ ಮಾಡಿಕೊಂಡೆವು. ಹೆಂಗಸು ಅವನ ತಾಯಿ, ಬೇಬಿ. ಕಾಪುವಿನಲ್ಲಿ ಹೊಲಿಗೆ ಅಂಗಡಿ ಇದೆಯಂತೆ. ಅವರು ನನಗೆ ಕೈಮುಗಿದರು.

ಒಳಗೆ ಮೇಡಮ್ ನನ್ನ ಡೈರಿಯನ್ನು ಎಲ್ಲರೆದುರು ಎತ್ತಿ ಹಿಡಿದರು. ಶೆಲ್ಡನ್ ಮತ್ತು ಇನ್ನಿಬ್ಬರು ಮೆಂಟರುಗಳು ಅಲ್ಲಿದ್ದರು. “ಹೀಗೆ ಬರೆಯಬೇಕು ನೋಡಿ. ಸೋಮವಾರ ಸಮಿತಿಯ ಮುಂದೆ ಇದೇ ಮೇಲೆ ಇರಲಿ,” ಎಂದರು. ಆಮೇಲೆ ಹುಡುಗನ ಕಡೆ ತಿರುಗಿ ಸ್ವರ ಬದಲಿಸಿದರು. “ಹಾಜರಿ ಸೊನ್ನೆ. ಟೆಸ್ಟಿನಲ್ಲಿ ಐವತ್ತಕ್ಕೆ ನಲವತ್ತೊಂದು. ಯಾರದ್ದು ನೋಡಿ ಬರೆದೆ?”

“ನಾನು ದಿನಾ ಬರುತ್ತೇನೆ ಮೇಡಮ್,” ಎಂದ ಉಜ್ವಲ್. ಬ್ಯಾಗಿನಿಂದ ಐದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟ. ಎಲ್ಲವೂ ತುಂಬಿದ್ದವು, ಪ್ರತಿ ಪುಟಕ್ಕೂ ತಾರೀಕು ಇತ್ತು. “ಬಿ ಸೆಕ್ಷನ್. ಮೂರನೇ ಬೆಂಚು.”

“ನೀನು ಸಿ ಸೆಕ್ಷನ್ ಅಲ್ವಾ?”

“ಸೇರುವಾಗ ಬಿ ಅಂತ ಹೇಳಿದ್ದರು ಮೇಡಮ್.”

ಶೆಲ್ಡನ್ ಕುರ್ಚಿಯಲ್ಲಿ ಅಲುಗಾಡಿದ. “ಹೌದು ಮೇಡಮ್, ಇವ ನನ್ನ ಕ್ಲಾಸಲ್ಲಿ ಉಂಟು. ಪ್ರಶ್ನೆ ಕೇಳಿದರೆ ಉತ್ತರ ಹೇಳುವವ ಇವನೊಬ್ಬನೇ. ನನ್ನ ಲಿಸ್ಟಲ್ಲಿ ಇಲ್ಲ ಅಂತ ನನಗೆ ಗೊತ್ತೇ ಇಲ್ಲ ಮಾರಾಯ್ರೆ.”

ಗೊತ್ತಾಗುವುದು ಹೇಗೆ? ನಾವು ಯಾರೂ ಹೆಸರು ಕರೆಯುವುದಿಲ್ಲ. ‘ಇಲ್ಲದವರ ನಂಬರ್ ಹೇಳಿ’ ಎನ್ನುತ್ತೇವೆ, ಮಕ್ಕಳು ಹೇಳುತ್ತಾರೆ, ಹತ್ತು ಸೆಕೆಂಡಿನಲ್ಲಿ ಹಾಜರಿ ಮುಗಿಯಿತು. ಬಿ ಸೆಕ್ಷನ್ನಿನಲ್ಲಿ ಅವನು ಪಟ್ಟಿಯಲ್ಲೇ ಇಲ್ಲದ ಕಾರಣ ಇದ್ದೂ ಲೆಕ್ಕಕ್ಕಿಲ್ಲ. ಸಿ ಸೆಕ್ಷನ್ನಿನವರು ದಿನಾ ಅವನ ನಂಬರನ್ನು ಇಲ್ಲದವರ ಜೊತೆ ಸೇರಿಸಿ ಹೇಳುತ್ತಿದ್ದರು. ಆಮೇಲೆ ಅವನನ್ನು ಸಿ ಸೆಕ್ಷನ್ನಿಗೆ ಬದಲಿಸಿದ ಪಟ್ಟಿ ಮೆಂಟರುಗಳ ವಾಟ್ಸ್ಆ್ಯಪ್ ಗ್ರೂಪಿಗೆ ಬಂದಿತ್ತು, ನಾವು ಅದನ್ನು ನಮ್ಮ ಮಕ್ಕಳ ಗ್ರೂಪಿಗೆ ಹಾಕಬೇಕಿತ್ತು. ನಾನು ಹಾಕಿದ್ದೆ. ಆದರೆ ಉಜ್ವಲನನ್ನು ಆ ಗ್ರೂಪಿಗೆ ಸೇರಿಸುವುದೇ ಮರೆತಿದ್ದೆ.

“ಆ್ಯಪಿನಲ್ಲಿ ಸೊನ್ನೆ ಕಂಡಾಗ ಮೆಂಟರಿಗೆ ಹೇಳಬೇಕಿತ್ತಲ್ಲ?” ಎಂದರು ಮೇಡಮ್.

“ಮೂರು ಸಲ ಮೇಲ್ ಮಾಡಿದೆ ಮೇಡಮ್. ಸರ್ ಉತ್ತರ ಕೊಟ್ಟಿದ್ದಾರೆ.”

ಹಾಜರಿಯ ವಿಷಯದ ಮೇಲ್ ಬಂದರೆ ಕಳಿಸಲು ನನ್ನ ಫೋನಿನಲ್ಲಿ ಒಂದು ಸಿದ್ಧ ಉತ್ತರ ಇದೆ. ಮೇಲನ್ನು ಪೂರ್ತಿ ಓದುವ ಅಗತ್ಯ ಬೀಳುವುದಿಲ್ಲ.

“ಎಂತ ಉತ್ತರ?”

“ಇನ್ನು ಮುಂದೆ ನಿಯಮಿತವಾಗಿ ತರಗತಿಗೆ ಹಾಜರಾಗು ಅಂತ. ಅದಕ್ಕೆ ನಾನು ಜ್ವರ ಬಂದಾಗಲೂ ರಜೆ ಮಾಡಲಿಲ್ಲ.”

ಅವನು ವ್ಯಂಗ್ಯವಾಡುತ್ತಿರಲಿಲ್ಲ. ಆಡಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಮೇಡಮ್ ಕನ್ನಡಕ ಸರಿಮಾಡಿಕೊಂಡು ನನ್ನ ಡೈರಿ ತೆರೆದರು. “ಆದರೆ ವಿನೀತ್, ಇದರಲ್ಲಿ ಬೇರೆಯೇ ಉಂಟಲ್ಲ. ಎಂಟು ಭೇಟಿ. ತಪ್ಪು ಒಪ್ಪಿಕೊಂಡಿದ್ದಾನೆ ಅಂತ ನೀವೇ ಬರೆದಿದ್ದೀರಿ. ಇವನ ಮಾತು ನಂಬಿದರೆ ಡೈರಿ ಸುಳ್ಳು. ಡೈರಿ ನಂಬಿದರೆ ಇವನಿಗೆ ವರ್ಷ ಹೋಯಿತು.” ಆಮೇಲೆ ಇಂಗ್ಲಿಷಿನಲ್ಲಿದ್ದ ಕೊನೆಯ ಸಾಲನ್ನು ತಾಯಿಗಾಗಿ ಕನ್ನಡ ಮಾಡಿ ಓದಿದರು. “ನವೆಂಬರ್ ಎಂಟು. ತಂದೆಯವರೊಡನೆ ಮಾತನಾಡಲಾಯಿತು. ಮಗನ ಬಗ್ಗೆ ಬೇಸರ ವ್ಯಕ್ತಪಡಿಸಿದರು.”

ಬೇಬಿಯವರು ತಲೆ ಎತ್ತಿದರು. “ಇವನ ತಂದೆಯಾ?”

“ಹೌದು. ಮೂರು ಸಲ ಮಾತಾಡಿದ್ದಾರೆ.”

“ಅವರು ತೀರಿಹೋಗಿ ಆರು ವರ್ಷ ಆಯಿತು,” ಎಂದರು ಬೇಬಿ. ಆಮೇಲೆ ನನ್ನನ್ನೇ ನೋಡಿ, ಜಗಳದ ಸ್ವರವೇ ಇಲ್ಲದೆ ಕೇಳಿದರು. “ಅವರು ಎಂತ ಹೇಳಿದರು ಸರ್?”

ನನ್ನ ನಾಲಗೆಯ ತುದಿಯಲ್ಲಿ ಒಂದು ಸುಳ್ಳು ಸಿದ್ಧವಾಗಿತ್ತು. ಬೇರೆ ಹುಡುಗನದ್ದು ತಪ್ಪಿ ಇವನ ಪುಟಕ್ಕೆ ಬಂದಿದೆ ಎಂದರೆ ಮುಗಿಯಿತು. ಮೇಡಮ್ ನಂಬುತ್ತಿದ್ದರು, ನಂಬಲು ಅವರೂ ಕಾಯುತ್ತಿದ್ದರು. ಆದರೆ ಆ ಹೆಂಗಸು ನಿಜವಾಗಿಯೂ ಉತ್ತರಕ್ಕಾಗಿ ಕಾಯುತ್ತಿದ್ದರು. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

“ಯಾರೊಡನೆಯೂ ಮಾತಾಡಲಿಲ್ಲ,” ಎಂದೆ. “ಇವನನ್ನು ನಾನು ನೋಡಿದ್ದೇ ಇವತ್ತು. ಎಂಟೂ ಸುಳ್ಳು ಮೇಡಮ್. ನಿನ್ನೆ ಊಟ ಆದ ಮೇಲೆ ಕೂತು ಬರೆದದ್ದು. ಇವನದ್ದು ಒಂದೇ ಅಲ್ಲ, ನನ್ನ ಇಪ್ಪತ್ತೂ.”

ಶೆಲ್ಡನ್ ಕಿಟಕಿಯ ಹೊರಗೆ ನೋಡಿದ. ಇನ್ನಿಬ್ಬರು ತಮ್ಮ ತಮ್ಮ ಡೈರಿಗಳನ್ನು ಮೆಲ್ಲನೆ ಮಡಿಲಿಗೆ ಎಳೆದುಕೊಂಡರು. ಮೇಡಮ್ ಅವರನ್ನೆಲ್ಲ ಒಂದು ಸುತ್ತು ನೋಡಿದರು, ಏನೋ ಕೇಳಲು ಬಾಯಿ ತೆರೆದರು, ಕೇಳಲಿಲ್ಲ. ಅವರೂ ಹದಿನೈದು ವರ್ಷ ಮೆಂಟರ್ ಆಗಿದ್ದವರು.

“ನಿಮಗೆ ಮೆಮೊ ಕೊಡದೆ ಆಗುವುದಿಲ್ಲ,” ಎಂದರು ಕೊನೆಗೆ. ಹಾಜರಿ ತಿದ್ದುವ ಫಾರ್ಮ್ ತೆಗೆದು ಉಜ್ವಲನ ಹೆಸರು ಬರೆದು ಸಹಿ ಹಾಕಿದರು. “ಪರೀಕ್ಷೆಗೆ ಕೂತುಕೊ. ಇನ್ನು ಬಿ ಸೆಕ್ಷನ್ನಲ್ಲೇ ಇರು.” ನನ್ನ ಡೈರಿ ಕಪಾಟಿನ ಒಳಗೆ ಹೋಯಿತು, ಹೊಸ ಡೈರಿಯೊಂದು ನನ್ನ ಮುಂದೆ ಬಿತ್ತು. “ಇದರಲ್ಲಿ ಬರೆಯಿರಿ. ಆದದ್ದು ಮಾತ್ರ.”

ಮೊದಲ ಭೇಟಿ ಎಂದು ಬರೆದು ಇವತ್ತಿನ ತಾರೀಕು ಹಾಕಿದೆ. ಪೋಷಕರ ಫೋನ್ ನಂಬರಿನ ಜಾಗಕ್ಕೆ ಬಂದು ಪೆನ್ನು ನಿಂತಿತು. “ಆ್ಯಪಿನಲ್ಲಿ ಇರುವುದು ಇವನ ತಂದೆಯ ನಂಬರ್ ಅಲ್ವಾ? ನಿಮ್ಮದು ಹೇಳಿ,” ಎಂದೆ.

“ಅದನ್ನೇ ಬರೆಯಿರಿ ಸರ್,” ಎಂದರು ಬೇಬಿ. “ಅವರ ನಂಬರ್ ನಾನು ಬಂದ್ ಮಾಡಿಸಲಿಲ್ಲ. ಈ ಬ್ಯಾಗಲ್ಲೇ ಉಂಟು. ನೀವು ಮಾಡಿದ್ದರೆ ನಾನೇ ತೆಗೆಯುತ್ತಿದ್ದೆ.”

ನಾನು ಫೋನ್ ತೆಗೆದು ಆ ನಂಬರಿಗೆ ಕರೆ ಮಾಡಿದೆ. ಮೇಜಿನ ಆಚೆ, ಎರಡು ಅಡಿ ದೂರದಲ್ಲಿ, ಅವರ ಬ್ಯಾಗಿನೊಳಗೆ ಹಳೆಯ ಫೋನೊಂದು ರಿಂಗಾಯಿತು. ಅವರು ಅವಸರವಿಲ್ಲದೆ ಜಿಪ್ ತೆರೆದು, ಅದನ್ನು ತೆಗೆದು, ಸೆರಗು ಸರಿಮಾಡಿ ಕಿವಿಗೆ ಇಟ್ಟುಕೊಂಡರು.

“ಹಲೋ.”

“ನಮಸ್ಕಾರ. ನಾನು ಉಜ್ವಲನ ಮೆಂಟರ್ ವಿನೀತ್ ಮಾತಾಡುವುದು,” ಎಂದೆ. “ನಿಮ್ಮ ಮಗ ಒಂದು ದಿನವೂ ಕ್ಲಾಸ್ ತಪ್ಪಿಸಿಲ್ಲ.”

“ಅದು ನನಗೆ ಗೊತ್ತುಂಟು ಸರ್,” ಎಂದರು ಬೇಬಿ.